ರವಿವಾರದ ಗುಡ್ಡೆ

ಬೆಳಿಗ್ಗೆ ಏಳೂವರೆಗೆ ತಾಡಪತ್ರಿ ಹಾಸುತ್ತಾನೆ ಮೌಲಾಲಿ.
ಹುಬ್ಬಳ್ಳಿಯಿಂದ ರಾತ್ರಿ ಹೊರಟ ಮೂಟೆ
ಇನ್ನೂ ಘಟ್ಟದ ಚಳಿ ಬಿಟ್ಟಿಲ್ಲ.
ಕಾರವಾರದ ಸಂತೆಯಲ್ಲಿ ಬೆಂಡೆ, ಬದನೆ, ಒಣಮೆಣಸು ದಾಟಿ
ಕಟ್ಟಕಡೆಗೆ, ಗಟಾರದ ಪಕ್ಕ, ಅವನ ಗುಡ್ಡೆ:
ಯಾವ್ದಾದ್ರೂ ನಲವತ್ತು, ಮೂರಕ್ಕೆ ನೂರು.

ಮೊದಲು ನಾನು ಕಣ್ಣಿಂದ ನೋಡುವುದಿಲ್ಲ.
ಕೈ ತೂರಿಸುತ್ತೇನೆ, ಮೊಣಕೈವರೆಗೆ.
ಹತ್ತಿ ತಣ್ಣಗಿರುತ್ತದೆ.
ಪಾಲಿಸ್ಟರ್ ಜಾರುತ್ತದೆ, ಸಾಲ ಕೇಳಿದಾಗಿನ ಭಾವನ ಹಾಗೆ.
ಖಾದಿ ಸಿಕ್ಕರೆ ಬೆರಳು ತಾನೇ ನಿಲ್ಲುತ್ತದೆ.
ಆಮೇಲೆ ಹೊರಗೆಳೆದು
ಬಂಗುಡೆಯ ಕಿವಿರು ಎತ್ತಿ ನೋಡುವವಳಂತೆ
ಕಂಕುಳು, ಕಾಲರಿನ ಒಳಮೈ, ಹೊಲಿಗೆಯ ಹಿಂಬದಿ.
ಬಣ್ಣ ಕೊನೆಗೆ. ಬಣ್ಣಕ್ಕೆ ಸೋತು
ಎಷ್ಟು ರವಿವಾರ ಕಳೆದಿದ್ದೇನೋ.

ಉಳಿದ ಆರು ದಿನ ನಾನು ಪಿಗ್ಮಿ ಕುಂದಾ.
ಗ್ರೀನ್ ಸ್ಟ್ರೀಟಿನ ಬಳೆ ಅಂಗಡಿಯಿಂದ
ಕೋಡಿಬಾಗದ ಗ್ಯಾರೇಜಿನ ತನಕ
ಎಪ್ಪತ್ತೆರಡು ಖಾತೆ, ಹತ್ತು, ಇಪ್ಪತ್ತು, ಐವತ್ತು,
ಹೆಗಲಲ್ಲಿ ಮಶೀನು, ಅದರ ತುಟಿಯಲ್ಲಿ ಸದಾ ಒಂದು ಚೀಟಿ.
ಹಣ ಕೇಳಲು ಹೋದವಳು
ಹಣ ಬೇಕಾದವಳಂತೆ ಕಾಣಬಾರದು.
ಮೊದಲ ವಾರವೇ ಕಲಿತೆ ಇದನ್ನು,
ಮೆಡಿಕಲ್ ಶಾಪಿನ ಗಾಜಿನ ಬಾಗಿಲಲ್ಲಿ
ನನ್ನೆದುರಿಗೆ ನಾನೇ ಬಂದಾಗ.

ಪಿಗ್ಮಿ ಪುಸ್ತಕದ ಹಿಂದಿನ ಪುಟ, ಪೆನ್ಸಿಲ್ಲಿನಲ್ಲಿ:
ಯಾವನದೋ ನೀಲಿ ಗೆರೆಯ ಅಂಗಿ, ಮೂವತ್ತಮೂರು.
ತೋಳು ಕತ್ತರಿಸಿದ್ದಕ್ಕೆ ದುಮಿಂಗ ಮಾಮನಿಗೆ ಹದಿನೈದು.
ಕತ್ತರಿಸಿದ ತೋಳಿನಿಂದಲೇ ಎರಡು ಜೇಬು, ಅದಕ್ಕೆ ದುಡ್ಡಿಲ್ಲ:
"ಹೆಂಗಸರಿಗೆ ಜೇಬು ಇಡದವನೂ ಒಬ್ಬ ದರ್ಜಿಯಾ, ಬಾಯ್?"
ಮೆಹಂದಿ ಬಣ್ಣದ ಪ್ಯಾಂಟು, ಸತ್ತ ಇಲಾಸ್ಟಿಕ್ ತೆಗೆದು ಲಾಡಿ, ಐದು.
ದುಪ್ಪಟ್ಟಾ, ಆಯಿಯ ಇಳಕಲ್ಲಿನ ಸೆರಗು.
(ಒಡಲು ಮಡಿಕೆಯಲ್ಲೇ ಹಿಟ್ಟಾಗಿತ್ತು.)
ಚಪ್ಪಲಿ ಮಾತ್ರ ಹೊಸದು, ಇನ್ನೂರೈವತ್ತು.
ಬೇರೆಯವರ ಹೆಜ್ಜೆಯಲ್ಲಿ ನನ್ನ ಹೆಬ್ಬೆರಳು ಕೂರುವುದಿಲ್ಲ.

ರಾತ್ರಿ ಉಪ್ಪು ಹಾಕಿ ನೆನೆಸುತ್ತೇನೆ.
ಯಾರದೋ ಬೆವರು, ಯಾರದೋ ಅತ್ತರು
ಬಕೆಟ್ಟಿನಲ್ಲಿ ತಿಳಿಯಾಗಿ ಕೂರುತ್ತವೆ.
ಒಮ್ಮೆ ಜೇಬಿನಲ್ಲಿ ಮಡಗಾಂವದ ಬಸ್ ಟಿಕೆಟು,
ಒಮ್ಮೆ ಅರ್ಧ ಸುಲಿದ ಪೆಪ್ಪರಮಿಂಟು.
ಅದನ್ನು ಬಿಸಾಡಲು
ಯಾಕೋ ಎರಡು ದಿನ ಬೇಕಾಯಿತು.

ಕುಂದಾಗೆ ಗೋವೆಯಲ್ಲಿ ಒಬ್ಬ ಅಕ್ಕ ಇದ್ದಾಳಂತೆ,
ಪೆಟ್ಟಿಗೆ ಪೆಟ್ಟಿಗೆ ಕಳಿಸುತ್ತಾಳಂತೆ.
ಬಳೆ ಅಂಗಡಿಯ ಮಾತು.
ನಾನು ಅಲ್ಲಗಳೆದಿಲ್ಲ. ಈಗೀಗ
ಆ ಅಕ್ಕನಿಗೆ ಮೊಣಕಾಲು ನೋವು ಕೂಡ ಇದೆ.

ಕಳೆದ ಮಂಗಳವಾರ ಕಾಜುಬಾಗದ ಕಣ್ಣಿನ ದವಾಖಾನೆ.
ಡಾಕ್ಟರರ ಹೆಂಡತಿ ಐವತ್ತರ ನೋಟು ಚಾಚಿದವಳು
ಚಾಚಿಕೊಂಡೇ ನಿಂತಳು.
ನನ್ನ ಮೈಮೇಲೆ ಸಾಸಿವೆ ಬಣ್ಣದ ಕುರ್ತಾ,
ಸೊಂಟದ ಹತ್ತಿರ ನಾನು ಕೆಂಪು ದಾರದಲ್ಲಿ ಹೊಲಿದ ಮೂರು ಏಡಿ,
ಒಂದಕ್ಕೆ ಕಾಲು ಕಡಿಮೆ, ದಾರ ಮುಗಿದಿತ್ತು.
"ಇಂಥದ್ದೇ ಒಂದಿತ್ತು ನನ್ಹತ್ರ. ಇಷ್ಟು ಚಂದ ಇರ್ಲಿಲ್ಲ.
ಎಲ್ಲಿ ತಗಂಡ್ರಿ?"

ಏಡಿಗಳ ಅಡಿಯಲ್ಲಿ ಹಳೆಯ ಸೋಲಕಡಿಯ ಕಲೆ
ಉಸಿರು ಬಿಗಿಹಿಡಿಯಿತು.
ಅವಳ ಬೆರಳು ತೋಳಿನ ಗುಂಡಿಯ ಮೇಲೆ.
ಅದೊಂದೇ ಗುಂಡಿ ಬೇರೆ ಬಣ್ಣದ್ದು,
ಹಸಿರು ದಾರದ್ದು, ನಾನು ಹಾಕಿದ್ದಲ್ಲ.
ಅವಳಿಗೆ ಗೊತ್ತಾಯಿತು.
ನನಗೆ ಗೊತ್ತಾದದ್ದೂ ಅವಳಿಗೆ ಗೊತ್ತಾಯಿತು.
ಒಳಗೆ ಯಾರಿಗೋ ಕಣ್ಣಿಗೆ ಹನಿ ಬಿಡುತ್ತ
"ಮೇಲೆ ನೋಡಿ, ಮೇಲೆ ನೋಡಿ" ಅನ್ನುತ್ತಿದ್ದರು.

"ಗುರ್ತಿನ ಅಂಗಡಿ. ರವಿವಾರ ಮಾತ್ರ ತೆಗೀತಾನೆ," ಅಂದೆ.
ಮಶೀನು ಚೀಟಿ ಉಗುಳಿತು. ಹರಿದು ಕೊಟ್ಟೆ.

ಈ ರವಿವಾರ ಒಣಮೆಣಸಿನ ಆಚೆ, ಕಪ್ಪು ಕನ್ನಡಕದ ಒಬ್ಬಳು
ಗುಡ್ಡೆಯ ನೆತ್ತಿಗೆ ಎರಡೇ ಬೆರಳು ತಾಗಿಸಿ
ಹಿಂದೆ ಮುಂದೆ ನೋಡುತ್ತಿದ್ದಳು.
ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

"ಮೊಣಕೈವರೆಗೆ," ಅಂದೆ.